ಶಾಲೆಯ ಲ್ಯಾಪ್‌ಟಾಪ್ ಬ್ಯಾಟರಿ: ಶೇಕಡ 80ಕ್ಕೆ ಏಕೆ ನಿಲ್ಲಿಸಬೇಕು?

ಗಡಿನಾಡಿನ ಕನ್ನಡ ಶಾಲೆಗಳಲ್ಲಿ ಲ್ಯಾಪ್‌ಟಾಪ್ ಈಗ ಅಪರೂಪದ ವಸ್ತುವಲ್ಲ. ಕೇರಳ ಸರ್ಕಾರವು 2018ರಲ್ಲಿ ಕೈಟ್ ಸಂಸ್ಥೆಯ ಮೂಲಕ ರಾಜ್ಯದ 45,000 ತರಗತಿ ಕೋಣೆಗಳನ್ನು ಹೈಟೆಕ್ ಕೋಣೆಗಳನ್ನಾಗಿ ರೂಪಿಸಿದಾಗ ಕಾಸರಗೋಡಿನ ಕನ್ನಡ ಮಾಧ್ಯಮದ ತರಗತಿಗಳಿಗೂ ಲ್ಯಾಪ್‌ಟಾಪ್ ಮತ್ತು ಪ್ರೊಜೆಕ್ಟರ್‌ಗಳು ಬಂದವು. ಉಳಿದ ರಾಜ್ಯಗಳ ಕನ್ನಡ ಶಾಲೆಗಳಲ್ಲಿಯೂ ಇಲಾಖೆಯಿಂದಲೋ ದಾನಿಗಳಿಂದಲೋ ದೊರೆತ ಒಂದೆರಡು ಯಂತ್ರಗಳಿರುವುದುಂಟು. ಇಲ್ಲವಾದಲ್ಲಿ ಶಿಕ್ಷಕರೇ ತಮ್ಮ ಸ್ವಂತ ಲ್ಯಾಪ್‌ಟಾಪನ್ನು ಶಾಲೆಗೆ ಹೊತ್ತು ತರುತ್ತಾರೆ.

ನಮ್ಮ ಶಾಲೆಗಳಲ್ಲಿ ಈ ಯಂತ್ರದ ಹೊಣೆ ತುಸು ಹೆಚ್ಚಿನದು. ರಾಜ್ಯಭಾಷೆಯ ಮಾಧ್ಯಮಕ್ಕೆ ಸಿದ್ಧರೂಪದಲ್ಲಿ ದೊರೆಯುವಷ್ಟು ಡಿಜಿಟಲ್ ಪಾಠಸಾಮಗ್ರಿ ಕನ್ನಡ ಮಾಧ್ಯಮಕ್ಕೆ ದೊರೆಯುವುದಿಲ್ಲ. ಆದುದರಿಂದ ಸ್ಲೈಡುಗಳು, ಪದ್ಯದ ಧ್ವನಿಮುದ್ರಿಕೆಗಳು, ಅಭ್ಯಾಸ ಹಾಳೆಗಳು, ಪ್ರಶ್ನೆಪತ್ರಿಕೆಗಳು ಇವೆಲ್ಲವನ್ನೂ ಶಿಕ್ಷಕರೇ ಸಿದ್ಧಪಡಿಸಿ ಅದರಲ್ಲಿ ಕೂಡಿಟ್ಟಿರುತ್ತಾರೆ. ಇಂತಹ ಲ್ಯಾಪ್‌ಟಾಪಿನ ಬ್ಯಾಟರಿ ಸತ್ತರೆ ಅದು ಗೋಡೆಯ ಪ್ಲಗ್ಗಿಗೆ ಕಟ್ಟಿಹಾಕಿದ ಯಂತ್ರವಾಗುತ್ತದೆ. ಕರೆಂಟು ಹೋದ ಕ್ಷಣದಲ್ಲಿಯೇ ಅದು ಆರುತ್ತದೆ; ಉಳಿಸದೆ ಇದ್ದ ಕೆಲಸ ನಷ್ಟವಾಗುತ್ತದೆ; ಒಂದು ಕೋಣೆಯಿಂದ ಇನ್ನೊಂದಕ್ಕೆ ಒಯ್ಯುವಾಗಲೆಲ್ಲ ಅದನ್ನು ಮತ್ತೆ ಮೊದಲಿನಿಂದ ಚಾಲೂ ಮಾಡಬೇಕಾಗುತ್ತದೆ. ಹೊಸ ಬ್ಯಾಟರಿಗಾಗಿ ಮನವಿ ಬರೆದು ಕಾಯುವುದು ಎಷ್ಟು ಸುಲಭವೆಂಬುದನ್ನು ಶಾಲೆಯ ಲೆಕ್ಕಪತ್ರ ನೋಡುವವರಿಗೆ ಹೇಳಬೇಕಾಗಿಲ್ಲ.

ಇರುವ ಬ್ಯಾಟರಿಯನ್ನೇ ಇನ್ನೆರಡು ವರ್ಷ ಹೆಚ್ಚು ಬಾಳಿಸಲು ಹಣದ ಖರ್ಚಿಲ್ಲದ ಒಂದು ಉಪಾಯವಿದೆ. ದಿನನಿತ್ಯ ಅದನ್ನು ಶೇಕಡ 100ರವರೆಗೆ ತುಂಬಿಸದೆ 80ರ ಸುಮಾರಿಗೆ ನಿಲ್ಲಿಸುವುದೇ ಆ ಉಪಾಯ. ಅದರ ಕಾರಣವನ್ನೂ ಕ್ರಮವನ್ನೂ ಇಲ್ಲಿ ವಿವರಿಸಲಾಗಿದೆ.

ಮೂರು ಬಗೆಯ ಬ್ಯಾಟರಿ, ಮೂರು ಬಗೆಯ ನಿಯಮ

ತರಬೇತಿ ಶಿಬಿರಗಳಲ್ಲಿ ಈ ವಿಷಯ ಬಂದಾಗಲೆಲ್ಲ ಶಿಕ್ಷಕರಿಂದ ಎರಡು ಆಕ್ಷೇಪಗಳು ಕೇಳಿಬರುತ್ತವೆ. “ಬ್ಯಾಟರಿಯನ್ನು ಪೂರ್ತಿ ಖಾಲಿ ಮಾಡಿ ಪೂರ್ತಿ ತುಂಬಿಸಬೇಕಲ್ಲವೇ?” ಎಂಬುದು ಒಂದು. “ನಮ್ಮ ಶಾಲೆಯ ಇನ್ವರ್ಟರ್ ಬ್ಯಾಟರಿಯನ್ನು ಸದಾ ತುಂಬಿಯೇ ಇಡಬೇಕೆಂದು ಮೆಕ್ಯಾನಿಕ್ ಹೇಳಿದ್ದಾರಲ್ಲ?” ಎಂಬುದು ಇನ್ನೊಂದು. ಎರಡೂ ತಪ್ಪು ಮಾತುಗಳಲ್ಲ. ಆದರೆ ಅವು ಬೇರೆ ಜಾತಿಯ ಬ್ಯಾಟರಿಗಳಿಗೆ ಸಲ್ಲುವ ಮಾತುಗಳು.

ಪೂರ್ತಿ ಖಾಲಿ ಮಾಡಿ ತುಂಬಿಸಬೇಕೆಂಬ ಸಲಹೆ ಹಿಂದಿನ ನಿಕ್ಕಲ್-ಕ್ಯಾಡ್ಮಿಯಂ ಬ್ಯಾಟರಿಗಳ ಕಾಲದ್ದು. ಅವುಗಳನ್ನು ಪದೇಪದೇ ಅರ್ಧಕ್ಕೆ ಬಳಸಿ ತುಂಬಿಸುತ್ತಿದ್ದರೆ ಪೂರ್ಣ ಸಾಮರ್ಥ್ಯವನ್ನು ನೀಡದಂತಾಗುತ್ತಿದ್ದವು. ಇನ್ವರ್ಟರಿನದು ಸೀಸ-ಆಮ್ಲದ ಬ್ಯಾಟರಿ. ಅದನ್ನು ಅರೆಬರೆಯಾಗಿ ಬಹುಕಾಲ ಬಿಟ್ಟರೆ ಸೀಸದ ಫಲಕಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿಯಾಗಿ ಕೂತು ಸಾಮರ್ಥ್ಯ ಕುಗ್ಗುತ್ತದೆ. ಅದನ್ನು ತುಂಬಿ ಇಡುವುದೇ ಸರಿ.

ಲ್ಯಾಪ್‌ಟಾಪಿನಲ್ಲಿರುವುದು ಲಿಥಿಯಂ-ಅಯಾನ್ ಬ್ಯಾಟರಿ. ಸೋನಿ ಕಂಪನಿ 1991ರಲ್ಲಿ ಇದನ್ನು ಮೊದಲಿಗೆ ಮಾರುಕಟ್ಟೆಗೆ ತಂದಿತು. ಇದರ ಅಭಿವೃದ್ಧಿಗಾಗಿ ಜಾನ್ ಗುಡ್‌ಇನಫ್, ಸ್ಟಾನ್ಲಿ ವಿಟಿಂಗ್‌ಹ್ಯಾಮ್, ಅಕಿರಾ ಯೋಶಿನೊ ಈ ಮೂವರಿಗೆ 2019ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ದೊರೆಯಿತು. ಈ ಬ್ಯಾಟರಿಯನ್ನು ಪೂರ್ತಿ ಖಾಲಿ ಮಾಡುವ ಅಗತ್ಯವಿಲ್ಲ. ಪೂರ್ತಿ ತುಂಬಿ ಇಡುವುದು ಇದಕ್ಕೆ ಹಿತವೂ ಅಲ್ಲ. ಎರಡು ತುದಿಗಳಿಂದಲೂ ದೂರವಾಗಿ ನಡುವೆ ಇದ್ದಾಗಲೇ ಇದು ನೆಮ್ಮದಿಯಿಂದಿರುತ್ತದೆ.

ಒಳಗೆ ನಡೆಯುವುದೇನು?

ಲಿಥಿಯಂ-ಅಯಾನ್ ಕೋಶದಲ್ಲಿ ಎರಡು ವಿದ್ಯುದಾಗ್ರಗಳಿವೆ. ಒಂದು ಗ್ರಾಫೈಟಿನದು; ಇನ್ನೊಂದು ಕೋಬಾಲ್ಟ್, ನಿಕ್ಕಲ್, ಮ್ಯಾಂಗನೀಸ್ ಮುಂತಾದ ಲೋಹಗಳ ಆಕ್ಸೈಡಿನದು. ನಡುವೆ ಲಿಥಿಯಂ ಲವಣ ಕರಗಿದ ಸಾವಯವ ದ್ರವ, ಅಂದರೆ ವಿದ್ಯುದ್ವಿಭಾಜ್ಯ ಇದೆ. ಚಾರ್ಜ್ ಮಾಡುವಾಗ ಲಿಥಿಯಂ ಅಯಾನುಗಳು ಆಕ್ಸೈಡನ್ನು ಬಿಟ್ಟು ಗ್ರಾಫೈಟಿನ ಪದರಗಳ ನಡುವೆ ಸೇರಿಕೊಳ್ಳುತ್ತವೆ. ಬಳಸುವಾಗ ಅವು ಮರಳಿ ಬರುತ್ತವೆ. ಬ್ಯಾಟರಿಯ ಕೆಲಸವೆಂದರೆ ಈ ಹೋಗಿಬರುವಿಕೆಯೇ.

ಕೋಶ ತುಂಬುತ್ತ ಹೋದಂತೆ ಅದರ ವಿಭವಾಂತರ ಏರುತ್ತದೆ. ಸಾಮಾನ್ಯ ಕೋಶವೊಂದು ಪೂರ್ತಿ ತುಂಬಿದಾಗ 4.2 ವೋಲ್ಟ್ ತಲಪುತ್ತದೆ. ಈ ಮಟ್ಟದಲ್ಲಿ ಆಕ್ಸೈಡಿನ ವಿದ್ಯುದಾಗ್ರವು ತನ್ನ ಬಹುಪಾಲು ಲಿಥಿಯಂ ಬಿಟ್ಟುಕೊಟ್ಟು ಒತ್ತಡದ ಸ್ಥಿತಿಯಲ್ಲಿರುತ್ತದೆ. ಅದನ್ನು ತಾಗಿಕೊಂಡಿರುವ ದ್ರವವು ನಿಧಾನವಾಗಿ ಆಕ್ಸೀಕರಣಗೊಳ್ಳುತ್ತದೆ. ಇತ್ತ ಗ್ರಾಫೈಟಿನ ಮೇಲೆ ಒಂದು ತೆಳುವಾದ ಪೊರೆ ಬೆಳೆಯುತ್ತಿರುತ್ತದೆ. ಆ ಪೊರೆ ರಕ್ಷಣೆಗೆ ಬೇಕಾದದ್ದೇ, ಆದರೆ ಅದು ದಪ್ಪವಾದಂತೆಲ್ಲ ಒಂದಷ್ಟು ಲಿಥಿಯಂ ಅದರಲ್ಲಿಯೇ ಶಾಶ್ವತವಾಗಿ ಸೆರೆಯಾಗುತ್ತದೆ. ಸೆರೆಯಾದ ಲಿಥಿಯಂ ಮತ್ತೆ ಓಡಾಟಕ್ಕೆ ಬರುವುದಿಲ್ಲ. ಮೊದಲು ನಾಲ್ಕು ಗಂಟೆ ನಡೆಯುತ್ತಿದ್ದ ಲ್ಯಾಪ್‌ಟಾಪ್ ಮೂರು ಗಂಟೆಗೆ, ಆಮೇಲೆ ಎರಡಕ್ಕೆ ಇಳಿಯುವುದು ಹೀಗೆ. ಹೆಚ್ಚಿನ ವಿಭವಾಂತರ ಮತ್ತು ಹೆಚ್ಚಿನ ಉಷ್ಣತೆ ಇವೆರಡೂ ಈ ಸವೆತವನ್ನು ತ್ವರೆಗೊಳಿಸುತ್ತವೆ.

ಇಲ್ಲಿ ಒಂದು ಭೇದವನ್ನು ಸ್ಪಷ್ಟವಾಗಿ ತಿಳಿಯಬೇಕು. ಪ್ಲಗ್ಗಿನಲ್ಲಿ ಬಿಟ್ಟ ಲ್ಯಾಪ್‌ಟಾಪಿಗೆ ಅತಿಯಾಗಿ ಚಾರ್ಜ್ ಆಗುವ ಭಯವಿಲ್ಲ. ಶೇಕಡ 100 ತಲಪಿದೊಡನೆ ಅದರೊಳಗಿನ ನಿಯಂತ್ರಣ ಮಂಡಲ ಚಾರ್ಜನ್ನು ನಿಲ್ಲಿಸುತ್ತದೆ. ಹಾನಿಯಾಗುವುದು ಅತಿಯಾಗಿ ತುಂಬುವುದರಿಂದಲ್ಲ, ತುಂಬಿದ ಸ್ಥಿತಿಯಲ್ಲಿಯೇ ಬಹುಕಾಲ ನಿಲ್ಲುವುದರಿಂದ. ಬೇಟೆಗೆ ಹೊರಡುವಾಗ ಬಿಲ್ಲಿಗೆ ಹೆದೆ ಏರಿಸುತ್ತಾರೆ. ಮನೆಗೆ ಬಂದ ಮೇಲೆ ಇಳಿಸಿಡುತ್ತಾರೆ. ಹೆದೆ ಏರಿಸಿಯೇ ಇಟ್ಟ ಬಿಲ್ಲು ತನ್ನ ಬಿರುಸನ್ನು ಕಳೆದುಕೊಳ್ಳುತ್ತದೆ. ಸದಾ ಶೇಕಡ 100ರಲ್ಲಿರುವ ಬ್ಯಾಟರಿಯ ಗತಿಯೂ ಅದೇ.

ಅಂಕಿಗಳು ಹೇಳುವುದೇನು?

ಬ್ಯಾಟರಿ ಪರೀಕ್ಷಾ ಉಪಕರಣಗಳನ್ನು ತಯಾರಿಸುವ ಕೆನಡಾದ ಕ್ಯಾಡೆಕ್ಸ್ ಕಂಪನಿಯು ‘ಬ್ಯಾಟರಿ ಯೂನಿವರ್ಸಿಟಿ’ ಎಂಬ ಹೆಸರಿನಲ್ಲಿ ಪ್ರಕಟಿಸಿರುವ ಕೋಷ್ಟಕಗಳು ಪ್ರಸಿದ್ಧವಾಗಿವೆ. ಅವುಗಳ ಪ್ರಕಾರ ಕೋಶವನ್ನು 4.20 ವೋಲ್ಟ್‌ವರೆಗೆ ತುಂಬಿಸಿ ಬಳಸುತ್ತಿದ್ದರೆ ಅದು 300ರಿಂದ 500 ಆವರ್ತಗಳು ಬಾಳುತ್ತದೆ. 4.10 ವೋಲ್ಟಿಗೆ ನಿಲ್ಲಿಸಿದರೆ, ಅಂದರೆ ಶೇಕಡ 85-90ರಷ್ಟು ಮಾತ್ರ ತುಂಬಿಸಿದರೆ, 600ರಿಂದ 1,000 ಆವರ್ತಗಳು ಬಾಳುತ್ತದೆ. ಆವರ್ತವೆಂದರೆ ಒಟ್ಟು ಶೇಕಡ 100ರಷ್ಟು ಬಳಕೆ. ಇಂದು ಅರ್ಧ, ನಾಳೆ ಅರ್ಧ ಬಳಸಿದರೆ ಎರಡು ದಿನ ಸೇರಿ ಒಂದು ಆವರ್ತವಾಗುತ್ತದೆ.

ಬಳಸದೆ ಇಟ್ಟ ಬ್ಯಾಟರಿಯೂ ಮುಪ್ಪಾಗುತ್ತದೆ. 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಶೇಕಡ 40ರಷ್ಟು ಚಾರ್ಜಿನೊಡನೆ ಒಂದು ವರ್ಷ ಇಟ್ಟರೆ ಸುಮಾರು 96ರಷ್ಟು ಸಾಮರ್ಥ್ಯ ಉಳಿಯುತ್ತದೆ. ಪೂರ್ತಿ ತುಂಬಿಸಿ ಇಟ್ಟರೆ 80ಕ್ಕೆ ಇಳಿಯುತ್ತದೆ. 40 ಡಿಗ್ರಿಯಲ್ಲಿ ಈ ಅಂಕಿಗಳು ಕ್ರಮವಾಗಿ 85 ಮತ್ತು 65. ಇವು ಸ್ಥೂಲ ಅಂದಾಜುಗಳು. ಪ್ರತಿಯೊಂದು ಬ್ಯಾಟರಿಯೂ ಹೀಗೆಯೇ ನಡೆಯಬೇಕೆಂದಿಲ್ಲ. ಆದರೂ ಅವು ತೋರಿಸುವ ದಿಕ್ಕಿನಲ್ಲಿ ಸಂದೇಹವಿಲ್ಲ: ಪೂರ್ಣ ಚಾರ್ಜು ಮತ್ತು ಬಿಸಿ, ಎರಡೂ ಕೂಡಿದಲ್ಲಿ ಸವೆತ ಅತ್ಯಧಿಕ.

ಮಿತಿಯನ್ನು ಹಾಕುವುದು ಹೇಗೆ?

ಇಂದಿನ ಬಹುಪಾಲು ಲ್ಯಾಪ್‌ಟಾಪ್‌ಗಳಲ್ಲಿ ಈ ಸೌಲಭ್ಯ ಇದ್ದೇ ಇರುತ್ತದೆ. ಪ್ರತಿ ಕಂಪನಿಯೂ ಅದಕ್ಕೆ ತನ್ನದೇ ಹೆಸರಿಟ್ಟಿರುವುದರಿಂದ ನಮ್ಮ ಕಣ್ಣಿಗೆ ಬೀಳುವುದಿಲ್ಲ.

ಲೆನೊವೊ ಯಂತ್ರಗಳಲ್ಲಿ ‘ವಾಂಟೇಜ್’ ಎಂಬ ತಂತ್ರಾಂಶದಲ್ಲಿ ‘ಕನ್ಸರ್ವೇಶನ್ ಮೋಡ್’ ಇರುತ್ತದೆ. ಥಿಂಕ್‌ಪ್ಯಾಡ್ ಮಾದರಿಗಳಲ್ಲಿ ಎಷ್ಟಕ್ಕೆ ಇಳಿದಾಗ ಚಾರ್ಜ್ ಆರಂಭವಾಗಬೇಕು, ಎಷ್ಟಕ್ಕೆ ನಿಲ್ಲಬೇಕು ಎಂದು ಎರಡು ಅಂಕಿಗಳನ್ನೇ ಕೊಡಬಹುದು. ಏಸುಸ್ ಯಂತ್ರಗಳ ‘ಮೈಏಸುಸ್’ ತಂತ್ರಾಂಶದಲ್ಲಿ ‘ಬ್ಯಾಟರಿ ಹೆಲ್ತ್ ಚಾರ್ಜಿಂಗ್’ ಎಂದೋ ‘ಬ್ಯಾಟರಿ ಕೇರ್’ ಎಂದೋ ಇರುತ್ತದೆ. ಏಸರ್ ಯಂತ್ರಗಳಲ್ಲಿ ‘ಬ್ಯಾಟರಿ ಚಾರ್ಜ್ ಲಿಮಿಟ್’ ಎಂದು ಕಾಣಿಸುತ್ತದೆ. ಡೆಲ್ ಮತ್ತು ಎಚ್‌ಪಿ ಕಂಪನಿಗಳ ಅನೇಕ ಮಾದರಿಗಳಲ್ಲಿ ಇದು ಬಯಾಸ್ ಎಂಬ ಮೂಲ ವ್ಯವಸ್ಥೆಯೊಳಗೇ ಇದೆ: ಡೆಲ್‌ನಲ್ಲಿ ‘ಪ್ರೈಮರಿಲಿ ಎಸಿ ಯೂಸ್’ ಅಥವಾ ‘ಕಸ್ಟಮ್’, ಎಚ್‌ಪಿಯಲ್ಲಿ ‘ಬ್ಯಾಟರಿ ಹೆಲ್ತ್ ಮ್ಯಾನೇಜರ್’. ಬಯಾಸ್‌ನಲ್ಲಿ ಹಾಕಿದ ಮಿತಿಗೆ ಒಂದು ಅನುಕೂಲವಿದೆ. ಯಂತ್ರದಲ್ಲಿ ವಿಂಡೋಸ್ ಇದ್ದರೂ ಲಿನಕ್ಸ್ ಇದ್ದರೂ ಅದು ಅನ್ವಯಿಸುತ್ತದೆ.

ಕಾಸರಗೋಡಿನ ಶಿಕ್ಷಕರಿಗೆ ಈ ಮಾತು ಮುಖ್ಯ. ಕೈಟ್ ಒದಗಿಸಿರುವ ವ್ಯವಸ್ಥೆ ಗ್ನೂ/ಲಿನಕ್ಸ್ ಆಗಿರುವುದರಿಂದ ವಿಂಡೋಸ್‌ಗಾಗಿ ಕಂಪನಿಗಳು ಕೊಡುವ ತಂತ್ರಾಂಶಗಳು ಅದರಲ್ಲಿ ನಡೆಯುವುದಿಲ್ಲ. ಮಿತಿಯನ್ನು ಬಯಾಸ್‌ನಲ್ಲಿ ಹಾಕಬೇಕು, ಇಲ್ಲವೇ ಯಂತ್ರ ಒಪ್ಪುವುದಾದರೆ ‘ಟಿಎಲ್‌ಪಿ’ಯಂತಹ ಲಿನಕ್ಸ್ ಉಪಕರಣದ ಮೂಲಕ ಹಾಕಬೇಕು. ಯಾವ ರಾಜ್ಯದಲ್ಲೇ ಆಗಲಿ, ಶಾಲೆಯ ಯಂತ್ರ ಸರ್ಕಾರದ ಸ್ವತ್ತು. ಅದರ ಮೂಲ ವ್ಯವಸ್ಥೆಯನ್ನು ಬದಲಿಸುವ ಮೊದಲು ಶಾಲೆಯ ಐಟಿ ಸಂಯೋಜಕರಿಗೆ ಅಥವಾ ಮುಖ್ಯೋಪಾಧ್ಯಾಯರಿಗೆ ತಿಳಿಸಿ, ಮಾಡಿದ ಬದಲಾವಣೆಯನ್ನು ದಾಖಲೆ ಪುಸ್ತಕದಲ್ಲಿ ಬರೆದಿಡುವುದು ಕರ್ತವ್ಯ.

ಮಿತಿ ಹಾಕಿದ ಮೇಲೆ ಚಾರ್ಜರ್ ಜೋಡಿಸಿಯೇ ಕೆಲಸ ಮಾಡಬಹುದು. ಬ್ಯಾಟರಿ 80ಕ್ಕೆ ಬಂದು ನಿಲ್ಲುತ್ತದೆ. ಯಂತ್ರಕ್ಕೆ ಬೇಕಾದ ಶಕ್ತಿ ಚಾರ್ಜರಿನಿಂದಲೇ ಬರುತ್ತದೆ. “ಚಾರ್ಜ್ ಆಗುತ್ತಿಲ್ಲ, ಕೆಟ್ಟಿದೆ” ಎಂದು ಸಹೋದ್ಯೋಗಿಗಳು ಗಾಬರಿಯಾಗದಂತೆ ಯಂತ್ರದ ಮೇಲೆ ಚಿಕ್ಕ ಚೀಟಿ ಅಂಟಿಸುವುದು ಒಳ್ಳೆಯದು. ಈ ಸೌಲಭ್ಯವೇ ಇಲ್ಲದ ಹಳೆಯ ಯಂತ್ರಗಳಲ್ಲಿ 80ರ ಹತ್ತಿರ ಬಂದಾಗ ಪ್ಲಗ್ ತೆಗೆದು, 30ರ ಹತ್ತಿರ ಇಳಿದಾಗ ಮತ್ತೆ ಜೋಡಿಸಿದರೆ ಸಾಕು. ನಿಮಿಷ ಲೆಕ್ಕ ಹಾಕಿ ಕಾವಲು ಕಾಯಬೇಕಾಗಿಲ್ಲ. ರಾತ್ರಿಯಿಡೀ, ವಾರದ ರಜೆಯಿಡೀ ಪ್ಲಗ್ಗಿನಲ್ಲಿ ಬಿಡದಿರುವುದೇ ಮುಖ್ಯ.

ಎಂಬತ್ತು ಸಾಕಾಗುತ್ತದೆಯೇ?

ಪೂರ್ಣ ಚಾರ್ಜಿನಲ್ಲಿ ನಾಲ್ಕು ಗಂಟೆ ನಡೆಯುವ ಲ್ಯಾಪ್‌ಟಾಪ್ ಶೇಕಡ 80ರಲ್ಲಿ 192 ನಿಮಿಷ ನಡೆಯುತ್ತದೆ. 45 ನಿಮಿಷದ ನಾಲ್ಕು ಅವಧಿಗಳಿಗೆ ಬೇಕಾದುದು 180 ನಿಮಿಷ. ಹೆಚ್ಚಿನ ಶಾಲೆಗಳ ದಿನದ ಬಳಕೆಗೆ ಇಷ್ಟು ಸಾಕು. ಕರೆಂಟು ಹೋದಾಗ ಪ್ರೊಜೆಕ್ಟರ್ ಆರುತ್ತದೆ, ನಿಜ. ಆದರೆ ಮಕ್ಕಳನ್ನು ಸಣ್ಣ ಗುಂಪುಗಳಾಗಿ ಲ್ಯಾಪ್‌ಟಾಪಿನ ಸುತ್ತ ಕೂರಿಸಿ ಪಾಠ ಮುಂದುವರಿಸಬಹುದು. ಧ್ವನಿಪಾಠವಾದರೆ ಇಡೀ ತರಗತಿ ಕೇಳಬಹುದು.

ಪೂರ್ತಿ ತುಂಬಿಸಬೇಕಾದ ದಿನಗಳೂ ಇವೆ. ಕ್ಷೇತ್ರಸಂದರ್ಶನ, ಪೋಷಕರ ಸಭೆ, ದೂರದ ತರಬೇತಿ, ಮುಂಗಾರಿನಲ್ಲಿ ದಿನಗಟ್ಟಲೆ ಕರೆಂಟು ಹೋಗುವ ವಯನಾಡು ಮತ್ತು ಕಾಸರಗೋಡಿನ ಒಳನಾಡಿನ ಸಂದರ್ಭ, ಇಂತಹ ವೇಳೆಯಲ್ಲಿ ಹಿಂದಿನ ರಾತ್ರಿ ಅಥವಾ ಅಂದಿನ ಬೆಳಿಗ್ಗೆ ಮಿತಿಯನ್ನು ತೆಗೆದು 100ಕ್ಕೆ ತುಂಬಿಸಿ, ತುಂಬಿಸಿದ್ದನ್ನು ಬಳಸಿಬಿಡಬೇಕು. ಬ್ಯಾಟರಿ ಇರುವುದು ಪಾಠಕ್ಕಾಗಿ. ಬ್ಯಾಟರಿಗಾಗಿ ಪಾಠ ನಿಲ್ಲಬಾರದು.

ಇನ್ನೊಂದು ಸಣ್ಣ ಎಚ್ಚರಿಕೆ: ಬಹುಕಾಲ ಮಿತಿಯಲ್ಲಿಯೇ ಇದ್ದ ಯಂತ್ರವು ಉಳಿದ ಶೇಕಡವಾರನ್ನು ತಪ್ಪಾಗಿ ತೋರಿಸುವುದುಂಟು. ಎರಡು ಮೂರು ತಿಂಗಳಿಗೊಮ್ಮೆ ಪೂರ್ತಿ ತುಂಬಿಸಿ, ಹತ್ತರ ಸುಮಾರಿಗೆ ಇಳಿಯುವವರೆಗೆ ಬಳಸಿದರೆ ಅಳತೆ ಸರಿಹೋಗುತ್ತದೆ. ಇದು ಮಾಪಕವನ್ನು ಸರಿಪಡಿಸುವ ಕ್ರಮವೇ ಹೊರತು ಬ್ಯಾಟರಿಗೆ ಕೊಡುವ ಔಷಧವಲ್ಲ.

ಬೇಸಿಗೆ ರಜೆ ಮತ್ತು ಕಬ್ಬಿಣದ ಕಪಾಟು

ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಆದವಾನಿ, ರಾಯದುರ್ಗದ ಕಡೆ ಏಪ್ರಿಲ್-ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುವುದು ಸಾಮಾನ್ಯ. ಲ್ಯಾಪ್‌ಟಾಪನ್ನು ಜೋಪಾನವಾಗಿಡಬೇಕೆಂಬ ಸದುದ್ದೇಶದಿಂದ ಪೂರ್ತಿ ಚಾರ್ಜ್ ಮಾಡಿ, ತಗಡಿನ ಛಾವಣಿಯ ಕೋಣೆಯ ಕಬ್ಬಿಣದ ಕಪಾಟಿನಲ್ಲಿಟ್ಟು ಬೀಗ ಹಾಕಿದರೆ ಮೇಲಿನ ಕೋಷ್ಟಕದ ಅತ್ಯಂತ ಕೆಟ್ಟ ಸ್ಥಿತಿಯನ್ನು ನಾವೇ ನಿರ್ಮಿಸಿದಂತಾಗುತ್ತದೆ. ಪೂರ್ತಿ ಖಾಲಿ ಮಾಡಿ ಇಡುವುದೂ ತಪ್ಪು. ತಾನಾಗಿಯೇ ಇನ್ನಷ್ಟು ಇಳಿದ ಕೋಶವನ್ನು ರಕ್ಷಣಾ ಮಂಡಲ ಮತ್ತೆ ಚಾರ್ಜ್ ಆಗಲು ಬಿಡದಿರಬಹುದು. ಜೂನ್‌ನಲ್ಲಿ ತೆರೆದಾಗ ಬ್ಯಾಟರಿ ಸತ್ತಿರುತ್ತದೆ.

ರಜೆಗೆ ಮುನ್ನ ಶೇಕಡ 50ರ ಆಸುಪಾಸಿಗೆ ತಂದು, ಯಂತ್ರವನ್ನು ಸಂಪೂರ್ಣ ಮುಚ್ಚಿ, ಚಾರ್ಜರ್ ಬೇರ್ಪಡಿಸಿ, ಶಾಲೆಯ ಅತ್ಯಂತ ತಂಪಾದ ಭದ್ರ ಕೋಣೆಯಲ್ಲಿ ಕೆಳಗಿನ ಖಾನೆಯಲ್ಲಿಡಬೇಕು. ರಜೆಯ ನಡುವೆ ಪ್ರವೇಶಾತಿ ಅಥವಾ ಇತರ ಕೆಲಸಕ್ಕೆಂದು ಶಾಲೆಗೆ ಬಂದಾಗ ಒಮ್ಮೆ ಚಾರ್ಜನ್ನು ನೋಡಿದರೆ ಸಾಕು. ನಿತ್ಯದ ಬಳಕೆಯಲ್ಲಿಯೂ ಕಿಟಕಿಯ ಬಿಸಿಲಿನಿಂದ, ಮುಚ್ಚಿದ ವಾಹನದಿಂದ, ಬಟ್ಟೆ-ದಿಂಬಿನ ಮೇಲಿಡುವುದರಿಂದ ಯಂತ್ರವನ್ನು ಕಾಪಾಡಬೇಕು. ನೀಲಗಿರಿಯ ಶಿಕ್ಷಕರಿಗೆ ಬಿಸಿಲಿನ ಚಿಂತೆ ಕಡಿಮೆ. ಅಲ್ಲಿ ಹಿಮ ಬೀಳುವ ಚಳಿಗಾಲದ ಮುಂಜಾನೆ ತಣ್ಣಗೆ ಕೊರೆಯುವ ಯಂತ್ರವನ್ನು ಒಡನೆಯೇ ಚಾರ್ಜಿಗೆ ಹಾಕದೆ, ಕೋಣೆಯ ಉಷ್ಣತೆಗೆ ಬರಲು ಸ್ವಲ್ಪ ಹೊತ್ತು ಬಿಡುವುದು ಲೇಸು.

ಆರೋಗ್ಯದ ಅಳತೆ: ಒಂದು ತರಗತಿ ಚಟುವಟಿಕೆ

ಬ್ಯಾಟರಿಯ ಆರೋಗ್ಯವನ್ನು ಮಕ್ಕಳಿಂದಲೇ ಲೆಕ್ಕ ಹಾಕಿಸಬಹುದು. ವಿಂಡೋಸ್ ಯಂತ್ರದಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು, ಇಂಗ್ಲಿಷಿನ ‘ಪವರ್’ ಎಂಬ ಪದಕ್ಕೆ ಸಿ, ಎಫ್, ಜಿ ಅಕ್ಷರಗಳನ್ನು ಸೇರಿಸಿ, ಒಂದು ಜಾಗ ಬಿಟ್ಟು, ಓರೆಗೆರೆ ಹಾಕಿ ‘ಬ್ಯಾಟರಿರಿಪೋರ್ಟ್’ ಎಂದು ಒಂದೇ ಪದವಾಗಿ ಬರೆದರೆ ವರದಿಯೊಂದು ಸಿದ್ಧವಾಗುತ್ತದೆ. ಅದರಲ್ಲಿ ‘ಡಿಸೈನ್ ಕೆಪ್ಯಾಸಿಟಿ’ ಎಂದರೆ ಹುಟ್ಟಿದಾಗಿನ ಸಾಮರ್ಥ್ಯ, ‘ಫುಲ್ ಚಾರ್ಜ್ ಕೆಪ್ಯಾಸಿಟಿ’ ಎಂದರೆ ಇಂದಿನ ಸಾಮರ್ಥ್ಯ. ಉಬುಂಟು ಆಧಾರಿತ ಯಂತ್ರಗಳಲ್ಲಿ ‘ಪವರ್ ಸ್ಟ್ಯಾಟಿಸ್ಟಿಕ್ಸ್’ ಇದೇ ಮಾಹಿತಿಯನ್ನು ಕೊಡುತ್ತದೆ.

ಉದಾಹರಣೆಗೆ ಮೊದಲ ಅಂಕಿ 41,000 ಮಿಲಿವ್ಯಾಟ್-ಗಂಟೆ, ಎರಡನೆಯದು 32,800 ಆಗಿದ್ದರೆ, ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿ ನೂರರಿಂದ ಗುಣಿಸಿದಾಗ 80 ಬರುತ್ತದೆ. ಬ್ಯಾಟರಿ ತನ್ನ ಐದನೆಯ ಒಂದು ಭಾಗವನ್ನು ಕಳೆದುಕೊಂಡಿದೆ ಎಂದರ್ಥ. ಶಾಲೆಯ ಎಲ್ಲ ಯಂತ್ರಗಳ ಈ ಅಂಕಿಯನ್ನು ಪ್ರತಿ ಮೂರು ತಿಂಗಳಿಗೊಮ್ಮೆ ಎಂಟನೆಯ ಅಥವಾ ಒಂಬತ್ತನೆಯ ತರಗತಿಯ ಮಕ್ಕಳು ದಾಖಲಿಸಿ ನಕ್ಷೆ ಬರೆಯಲಿ. ಶೇಕಡವಾರು, ರೇಖಾನಕ್ಷೆ, ವಿದ್ಯುದ್ರಸಾಯನ ಈ ಮೂರು ಪಾಠಗಳೂ ಅದರಲ್ಲಿ ಕೂಡಿಬರುತ್ತವೆ. ಬದಲಿ ಬ್ಯಾಟರಿಗಾಗಿ ಇಲಾಖೆಗೆ ಮನವಿ ಸಲ್ಲಿಸುವಾಗಲೂ ಈ ದಾಖಲೆ ನಮ್ಮ ಮಾತಿಗೆ ಆಧಾರವಾಗುತ್ತದೆ.

ಅಪಾಯದ ಲಕ್ಷಣ

ಲ್ಯಾಪ್‌ಟಾಪಿನ ಕೆಳಭಾಗ ಉಬ್ಬಿದ್ದರೆ, ಸ್ಪರ್ಶಫಲಕ ಮೇಲೆದ್ದಿದ್ದರೆ, ಮುಚ್ಚಳ ಸರಿಯಾಗಿ ಕೂರದಿದ್ದರೆ ಬ್ಯಾಟರಿಯೊಳಗೆ ಅನಿಲ ತುಂಬಿರುವ ಸಂಭವವಿದೆ. ಆಗ ಚಾರ್ಜ್ ಮಿತಿಯಿಂದ ಪ್ರಯೋಜನವಿಲ್ಲ. ಯಂತ್ರವನ್ನು ಕೂಡಲೆ ಮುಚ್ಚಿ, ಚಾರ್ಜರ್ ತೆಗೆದು, ಮಕ್ಕಳಿಂದ ದೂರವಿಟ್ಟು ಸೇವಾಕೇಂದ್ರಕ್ಕೆ ತಿಳಿಸಬೇಕು. ಒತ್ತುವುದು, ಚುಚ್ಚುವುದು, ತಾವೇ ಬಿಚ್ಚುವುದು ಸಲ್ಲದು. ತೆಗೆದ ಬ್ಯಾಟರಿಯನ್ನು ಕಸದ ಬುಟ್ಟಿಗೆ ಹಾಕಬಾರದು, ಸುಡಬಾರದು. ಭಾರತದಲ್ಲಿ 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಬಳಸಿ ಮುಗಿದ ಬ್ಯಾಟರಿಯ ಸಂಗ್ರಹಣೆ ಮತ್ತು ಮರುಬಳಕೆಯ ಹೊಣೆ ತಯಾರಕರದು. ಮಾರಾಟಗಾರರ ಅಥವಾ ಸೇವಾಕೇಂದ್ರದ ಮೂಲಕ ಅದನ್ನು ಹಿಂದಿರುಗಿಸುವುದು ಸರಿಯಾದ ಮಾರ್ಗ.

ಚಾರ್ಜಿಗೆ ಮಿತಿ ಹಾಕಿದ ಮಾತ್ರಕ್ಕೆ ಬ್ಯಾಟರಿ ಅಜರಾಮರವಾಗುವುದಿಲ್ಲ. ಅದು ಮುಪ್ಪಾಗಿಯೇ ತೀರುತ್ತದೆ. ಮುಪ್ಪು ಬೇಗನೆ ಬಾರದಂತೆ ನೋಡಿಕೊಳ್ಳುವುದಷ್ಟೇ ನಮ್ಮ ಕೈಯಲ್ಲಿದೆ. ನಿತ್ಯ ಎಂಬತ್ತು, ಅಗತ್ಯಕ್ಕೆ ನೂರು, ರಜೆಗೆ ಐವತ್ತು, ಸದಾ ತಂಪು: ಈ ನಾಲ್ಕನ್ನು ಶಿಕ್ಷಕರ ಕೊಠಡಿಯ ಫಲಕದ ಮೇಲೆ ಬರೆದಿಟ್ಟರೆ, ಇಂದು ಎಂಟನೆಯ ತರಗತಿಗೆ ಕನ್ನಡ ಪದ್ಯ ಕೇಳಿಸುವ ಯಂತ್ರವು ಆ ಮಕ್ಕಳು ಶಾಲೆ ಬಿಡುವ ವರ್ಷದಲ್ಲಿಯೂ ಕರೆಂಟಿನ ಹಂಗಿಲ್ಲದೆ ಪಾಠಕ್ಕೆ ಒದಗೀತು.